ಬಿರುಗಾಳಿಯ ಮರುದಿನ ಮಹೇಂದ್ರನ ಫೋನು

ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ಲೈನ್‌ಮ್ಯಾನ್ ಮಹೇಂದ್ರನ ಮುಖ ನೋಡದವರು ಬೇಕಾದಷ್ಟು ಜನ ಇದ್ದಾರೆ. ಅವನ ನಂಬರು ಗೊತ್ತಿಲ್ಲದವರು ಮಾತ್ರ ಸಿಗುವುದು ಕಷ್ಟ. ಹತ್ತು ವರ್ಷದ ಹಿಂದೆ ಇಲ್ಲಿಗೆ ಬಂದಿದ್ದ ಒಬ್ಬ ಹುರುಪಿನ ಇಂಜಿನಿಯರು ಜನರಿಗೆ ಅನುಕೂಲವಾಗಲಿ ಎಂದು ಆ ಭಾಗದ ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆಗಳ ಮೇಲೆಲ್ಲ ಹಳದಿ ಬಣ್ಣದಲ್ಲಿ ಅವನ ಮೊಬೈಲ್ ನಂಬರು ಬರೆಸಿಬಿಟ್ಟರು. ಆಫೀಸಿನ ನಂಬರಲ್ಲ, ಅವನ ಸ್ವಂತದ್ದು. ಇಂಜಿನಿಯರು ವರ್ಗವಾಗಿ ಹೋದರು, ನಂಬರು ಉಳಿಯಿತು. ಅಳಿಸಿಕೊಡಿ ಎಂದು ಮಹೇಂದ್ರ ಮೂರು ಸಲ ಅರ್ಜಿ ಕೊಟ್ಟ. ಬಣ್ಣ ಬಂದಿಲ್ಲ ಎಂಬ ಉತ್ತರ ಬಂತು.

ಹೀಗಾಗಿ ಅವನ ಜೇಬು ಬೆಳಗ್ಗೆ ಆರರಿಂದಲೇ ಗುಂಯ್‌ಗುಡುತ್ತದೆ. ಫ್ಯಾನು ನಿಧಾನ ತಿರುಗುತ್ತಿದೆ, ಪಕ್ಕದ ಮನೆಗೆ ಕರೆಂಟು ಇದೆ ನಮಗೇಕಿಲ್ಲ, ಮೀಟರಿನೊಳಗೆ ಹಲ್ಲಿ ಹೊಕ್ಕಿದೆ. ಒಬ್ಬರು ನಿವೃತ್ತ ಮೇಷ್ಟರಂತೂ ನಲ್ಲಿ ನೀರು ಯಾವಾಗ ಬರುತ್ತದೆ ಎಂದು ಅವನನ್ನೇ ಕೇಳುತ್ತಾರೆ. ನೀರಿಗೂ ತನಗೂ ಸಂಬಂಧವಿಲ್ಲ ಎಂದು ಹೇಳಿ ಹೇಳಿ ಸೋತ ಮಹೇಂದ್ರ ಈಗ ನಾಳೆ ಬರ್ತೈತ್ರೀ ಎಂದುಬಿಡುತ್ತಾನೆ. ಇಷ್ಟು ವರ್ಷಗಳಲ್ಲಿ ಅವನ ಬಾಯಿಗೆ ಮೂರು ಮಾತು ಅಂಟಿಕೊಂಡಿವೆ: ಬರ್ತೀವ್ರೀ, ಲೈನ್ ಬಿದ್ದೈತ್ರೀ, ನಿಮ್ಮೊಬ್ಬರ ಮನೇದಲ್ರೀ. ನಿದ್ದೆಗಣ್ಣಿನಲ್ಲಿ ಎಬ್ಬಿಸಿದರೂ ಇವನ್ನೇ ಹೇಳುತ್ತಾನೆ ಎಂದು ಹೆಂಡತಿ ಯಶೋದಾ ಬಂದವರ ಮುಂದೆಲ್ಲ ಆಡಿಕೊಂಡು ನಗುತ್ತಾಳೆ. ಅವಳು ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ, ಮಗಳು ಆರನೇ ತರಗತಿ.

ಮಹೇಂದ್ರನ ಊರು ಹರಿಹರ ತಾಲ್ಲೂಕಿನ ನಂದಿಗುಡಿ. ಅಲ್ಲಿ ತಮ್ಮ ಮಾಲತೇಶ ಭತ್ತದ ಗದ್ದೆ ಮಾಡಿಕೊಂಡಿದ್ದಾನೆ. ಅವ್ವ ಮರಿಯವ್ವ ಅವನ ಜೊತೆ ಜನತಾ ಮನೆಗಳ ಸಾಲಿನಲ್ಲಿರುವ ತಗಡಿನ ಮನೆಯಲ್ಲಿದ್ದಾಳೆ. ದಾವಣಗೆರೆಗೆ ಬಂದು ಇರು ಎಂದು ಮಹೇಂದ್ರ ಕರೆಯದೆ ಇಲ್ಲ. ನಿಮ್ಮ ಬಾಡಿಗೆ ಮನೆಯಲ್ಲಿ ಕಿಟಕಿ ತೆಗೆದರೆ ಪಕ್ಕದವರ ಗೋಡೆ ಮೂಗಿಗೆ ತಾಗುತ್ತದೆ ಎಂದು ಅವಳು ಎರಡೇ ದಿನಕ್ಕೆ ಬಸ್ಸು ಹತ್ತಿ ಹೋಗುತ್ತಾಳೆ.

ತಾಯಿ ಮಗನ ನಡುವೆ ಒಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಅದನ್ನು ಮಾಡಿದವಳು ಮರಿಯವ್ವ. ಮಹೇಂದ್ರ ಕೆಲಸಕ್ಕೆ ಸೇರಿದ ಮೊದಲ ವರ್ಷ, ಹದಿನೈದು ವರ್ಷದ ಹಿಂದೆ, ಬಸ್ಸಿನಲ್ಲಿ ಉಪ್ಪಿನಕಾಯಿ ಡಬ್ಬಿ ಕಳಿಸಿದ್ದೇನೆ ಎಂದು ಹೇಳಲು ಅವಳು ಮಧ್ಯಾಹ್ನ ಫೋನು ಮಾಡಿಸಿದ್ದಳು. ಮಹೇಂದ್ರ ಆಗ ಕಂಬದ ಮೇಲಿದ್ದ. ಜೇಬಿಗೆ ಕೈ ಹಾಕಿದವನ ಕಾಲು ಜಾರಿತು, ಸೊಂಟದ ಬೆಲ್ಟು ಹಿಡಿದುಕೊಂಡಿತು. ಊರಿಗೆ ಹೋದಾಗ ಇದನ್ನು ಅವನು ತಮಾಷೆಯಾಗಿ ಹೇಳಿದ. ಎಲ್ಲರೂ ನಕ್ಕರು, ಅವ್ವ ನಗಲಿಲ್ಲ. ಅಂದಿನಿಂದ ಹಗಲು ಹೊತ್ತು ಅವಳು ಮಗನಿಗೆ ಫೋನು ಮಾಡಿದವಳಲ್ಲ, ಮನೆಯ ಯಾರಿಗೂ ಮಾಡಗೊಟ್ಟವಳೂ ಅಲ್ಲ. ಸಂಜೆ ಏಳಕ್ಕೆ ಕೆಲಸ ಮುಗಿಸಿ ನೆಲದ ಮೇಲೆ ನಿಂತು ಅವನೇ ಮಾಡಬೇಕು. ಅಪ್ಪ ಭರಮಣ್ಣ ತೀರಿಕೊಂಡಾಗ ಬೆಳಗಿನ ಹನ್ನೊಂದು ಗಂಟೆ. ಆಗಲೂ ಅವಳು ಮಗನ ಫೋನಿಗೆ ಹೇಳಿಸಲಿಲ್ಲ. ಹೇಗೋ ಆಫೀಸಿನ ನಂಬರು ಹುಡುಕಿಸಿ, ಮೊದಲು ಅವನನ್ನ ಕೆಳಗಿಳಿಸ್ರಿ, ಆಮ್ಯಾಲೆ ಹೇಳ್ರಿ ಎಂದಿದ್ದಳು.

ಈ ಮೇ ತಿಂಗಳ ಒಂದು ಬುಧವಾರ ಸಂಜೆ ನಾಲ್ಕೂವರೆಗೆ ಗಾಳಿ ಎದ್ದಿತು. ಮಳೆ ಅಂತ ಬಿದ್ದದ್ದು ನಾಲ್ಕು ಹನಿ, ಉಳಿದದ್ದೆಲ್ಲ ಗಾಳಿಯದೇ ಕಾರುಬಾರು. ನಲವತ್ತು ನಿಮಿಷದಲ್ಲಿ ಬಡಾವಣೆಯ ಗುಲ್‌ಮೊಹರ್ ಮರಗಳು ರಸ್ತೆಗೆ ಅಡ್ಡ ಮಲಗಿದವು, ಜಾಹೀರಾತಿನ ಫಲಕಗಳು ಹಾರಿ ತಂತಿಗೆ ಸಿಕ್ಕಿಕೊಂಡವು, ಮಹೇಂದ್ರನ ಸೆಕ್ಷನ್ನಿನಲ್ಲೇ ಮೂವತ್ತೊಂದು ಕಂಬ ಮುರಿದವು. ಹರಿಹರದ ಕಡೆ ಇನ್ನೂ ಜೋರಂತೆ ಎಂದು ಆಫೀಸಿನಲ್ಲಿ ಮಾತಾಡಿಕೊಂಡರು.

ಏಳಕ್ಕೆ ಸರಿಯಾಗಿ ಮಹೇಂದ್ರ ಊರಿಗೆ ಫೋನು ಹಚ್ಚಿದ. ನೀವು ಕರೆ ಮಾಡಿದ ಚಂದಾದಾರರು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದಾರೆ ಎಂದಳು ಫೋನಿನೊಳಗಿನ ಹೆಂಗಸು. ಮಾಲತೇಶನ ಹೆಂಡತಿ ಆಶಾರಾಣಿಯ ನಂಬರಿಗೂ ಅದೇ ಮಾತು. ಆಗ ಅವನಿಗೆ ಅಷ್ಟೇನೂ ಗಾಬರಿಯಾಗಲಿಲ್ಲ. ಕರೆಂಟು ಹೋದರೆ ಟವರಿನ ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಬೆಳಗ್ಗೆ ಸಿಗುತ್ತದೆ ಬಿಡು ಎಂದು ಯಶೋದಾಗೆ ಹೇಳಿ ಮತ್ತೆ ಕೆಲಸಕ್ಕೆ ಹೋದ.

ಬೆಳಗ್ಗೆ ಸಿಗಲಿಲ್ಲ. ಅದರ ಬದಲು ಒಂದು ಫೋಟೋ ಸಿಕ್ಕಿತು.

ಜೊತೆಗಾರ ದುರುಗಣ್ಣ ಅದನ್ನು ವಾಟ್ಸಾಪಿನಲ್ಲಿ ಕಂಡು, ನಿಮ್ಮೂರಲ್ಲೇನೋ ಎಂದು ತೋರಿಸಿದ. ಕೆಳಗೆ ನಂದಿಗುಡಿ ಎಂದು ಬರೆದಿತ್ತು. ಜನತಾ ಮನೆಗಳ ಸಾಲು. ಮೂರು ಮನೆಗಳಿಗೆ ತಗಡಿಲ್ಲ, ಒಂದಕ್ಕೆ ಗೋಡೆಯೇ ಇಲ್ಲ. ಫೋಟೋ ತೆಗೆದ ಪುಣ್ಯಾತ್ಮ ಸಾಲಿನ ಯಾವ ತುದಿಯಲ್ಲಿ ನಿಂತಿದ್ದನೋ ತಿಳಿಯುವಂತಿರಲಿಲ್ಲ. ಆ ತುದಿಯಾದರೆ ಗೋಡೆ ಇಲ್ಲದ್ದು ಅವರ ಮನೆ, ಈ ತುದಿಯಾದರೆ ಬೇರೆಯವರದ್ದು. ಮಹೇಂದ್ರ ಎರಡು ಬೆರಳಿಂದ ಹಿಗ್ಗಿಸಿ ಹಿಗ್ಗಿಸಿ ನೋಡಿದ. ಮನೆ ಹೋಗಿ ಬರೀ ಬೂದು ಚೌಕಗಳು ಕಂಡವು. ಆ ಫೋಟೋ ಕಳಿಸಿದವರು ಯಾರು ಎಂದು ಕೇಳುತ್ತಾ ಹೋದರೆ ಗುಂಪಿನಿಂದ ಗುಂಪಿಗೆ ದಾಟುತ್ತಾ ಶಿವಮೊಗ್ಗದ ಯಾವನೋ ಒಬ್ಬನಿಗೆ ಹೋಗಿ ನಿಂತಿತು. ಅವನಿಗೆ ನಂದಿಗುಡಿ ಎಲ್ಲಿದೆ ಎಂದೇ ಗೊತ್ತಿರಲಿಲ್ಲ. ಗೊತ್ತಿಲ್ಲದ ಊರಿನ ಬಿದ್ದ ಮನೆ ಕಟ್ಟಿಕೊಂಡು ಇವನಿಗೇನಾಗಬೇಕಿತ್ತು ಎಂದು ಮಹೇಂದ್ರ ಹಲ್ಲು ಕಡಿದ.

ಎಂಟು ಗಂಟೆಯೊಳಗೆ ಊರಿನ ನಂಬರುಗಳನ್ನೆಲ್ಲ ಒತ್ತಿ ಮುಗಿಸಿದ್ದ. ತಮ್ಮನಿಗೆ ಹದಿನಾಲ್ಕು ಸಲ, ಆಶಾರಾಣಿಗೆ ಎಂಟು ಸಲ, ಕಿರಾಣಿ ಅಂಗಡಿಯವನಿಗೆ, ಹಾಲಿನ ಡೈರಿಯವನಿಗೆ, ಎಂದೋ ಜಗಳವಾಡಿ ಮಾತು ಬಿಟ್ಟಿದ್ದ ದಾಯಾದಿಗೂ ಕೂಡ. ಎಲ್ಲೆಡೆ ಅದೇ ಹೆಂಗಸು, ಅದೇ ಬೇಸರವಿಲ್ಲದ ದನಿ. ಕೊನೆಗೆ ತೋಚಿದ್ದು ಅವರ ಊರಿನ ಕಡೆಯ ಲೈನ್‌ಮ್ಯಾನು. ತರಬೇತಿಯಲ್ಲಿ ಜೊತೆಗಿದ್ದವನು. ಅವನ ಫೋನು ಮಾತ್ರ ಹತ್ತಿತು. ಅಣ್ಣಾ, ನಂದಿಗುಡಿ ಕಡೆ ಹೋಗಿದ್ಯೇನೋ, ಜನತಾ ಮನೆ ಹತ್ತಿರ ಏನಾಗೈತಿ ನೋಡಿದ್ಯಾ ಎಂದು ಮಹೇಂದ್ರ ಒಂದೇ ಉಸಿರಿಗೆ ಕೇಳಿದ. ಆ ಕಡೆಯವನಿಗೂ ಅಂದು ಇಪ್ಪತ್ತು ಹಳ್ಳಿಯ ಕಾಟ. ಯಾರು ಏನು ಎಂದು ಕೇಳುವ ಗೋಜಿಗೂ ಹೋಗದೆ, "ಲೈನ್ ಬಿದ್ದೈತ್ರೀ, ನಿಮ್ಮೊಬ್ಬರ ಊರಲ್ರೀ" ಎಂದು ಇಟ್ಟುಬಿಟ್ಟ.

ಮಹೇಂದ್ರ ಫೋನನ್ನು ನೋಡುತ್ತಾ ನಿಂತ. ದುರುಗಣ್ಣನಿಗೆ ನಗು ಬಂದಿತ್ತು, ಇವನ ಮುಖ ನೋಡಿ ನುಂಗಿಕೊಂಡ.

ಯಶೋದಾ ಸುಮ್ಮನೆ ಕೂತಿರಲಿಲ್ಲ. ಮಗಳನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಸ್ ಸ್ಟ್ಯಾಂಡಿಗೆ ಹೋದಳು. ಮಲೇಬೆನ್ನೂರಿನಿಂದ ಆಚೆಗೆ ಬಸ್ಸಿಲ್ಲ, ದಾರಿಯಲ್ಲೆಲ್ಲ ಮರ ಬಿದ್ದಿದೆ, ಜೆಸಿಬಿ ಬರಬೇಕು ಎಂದರು. ಆಟೋದವನೊಬ್ಬ ಬರುತ್ತೇನೆ ಎಂದವನು ಊರಿನ ಹೆಸರು ಕೇಳಿದ ಮೇಲೆ ಬರುವುದಿಲ್ಲ ಎಂದ. ಹನ್ನೊಂದಕ್ಕೆ ವಾಪಸ್ಸು ಬಂದು ಗಂಡ ಕೆಲಸ ಮಾಡುತ್ತಿದ್ದಲ್ಲಿಗೇ ಬಂದು ನಿಂತಳು.

"ನಿಮ್ಮ ಗಾಡಿ ಐತಲ್ರೀ. ನೀವೇ ಹೋಗಿ ಬರಬಾರದಾ? ಮರ ಬಿದ್ರೆ ಗದ್ದೆ ಬದು ಹಿಡಿದು ಹೋಗ್ರಿ."

ಹೋಗುವಂತಿರಲಿಲ್ಲ. ಕಂಬ ಹತ್ತುವವರಲ್ಲಿ ಒಂದು ನಿಯಮ ಇದೆ. ಯಾವುದಾದರೂ ಲೈನಿನಲ್ಲಿ ಕೆಲಸ ಮಾಡುವ ಮೊದಲು ಒಬ್ಬ ತನ್ನ ಹೆಸರಿನಲ್ಲಿ ಲೈನ್ ಕ್ಲಿಯರ್ ತೆಗೆದುಕೊಳ್ಳಬೇಕು. ಎಂದರೆ ಸ್ಟೇಷನ್ನಿನಲ್ಲಿ ಆ ಲೈನಿನ ಕರೆಂಟು ತೆಗೆದು ಅವನ ಹೆಸರು ಬರೆದಿಡುತ್ತಾರೆ. ನನ್ನವರೆಲ್ಲ ಕಂಬ ಇಳಿದಿದ್ದಾರೆ, ನಾನೇ ಕಣ್ಣಾರೆ ಎಣಿಸಿದ್ದೇನೆ ಎಂದು ಅವನೇ ಹೇಳುವ ತನಕ ಆ ಕರೆಂಟು ವಾಪಸ್ಸು ಬರುವುದಿಲ್ಲ. ಅವನ ಪರವಾಗಿ ಇನ್ನೊಬ್ಬ ಹೇಳುವಂತಿಲ್ಲ, ಅವನು ಜಾಗ ಬಿಟ್ಟು ಕದಲುವಂತಿಲ್ಲ. ಅಂದು ಬೆಳಗ್ಗೆ ಆರಕ್ಕೆ, ಫೋಟೋ ನೋಡುವ ಮೊದಲು, ಬಡಾವಣೆಯ ದೊಡ್ಡ ಲೈನಿನ ಕ್ಲಿಯರ್ ತೆಗೆದುಕೊಂಡವನು ಮಹೇಂದ್ರ. ಐದು ಜನ ಅವನ ಹೆಸರನ್ನು ನಂಬಿ ಮೇಲೆ ಕೂತಿದ್ದರು.

ಇದನ್ನು ಹೆಂಡತಿಗೆ ಬಿಡಿಸಿ ಹೇಳುವ ತಾಳ್ಮೆ ಅವನಿಗಿರಲಿಲ್ಲ. ಮೂರು ಗಂಟೆ ತನಕ ಬಿಡಂಗಿಲ್ಲ, ಹೋಗು ಮನೆಗೆ ಎಂದು ರೇಗಿದ. ಊರಿನವರ ಮನೆಗೆಲ್ಲ ಕರೆಂಟು ಕೊಡ್ರಿ, ನಿಮ್ಮವ್ವನ ಮನೆ ಗೋಡೆ ಬಿದ್ದಿದ್ದು ಫೋಟೋದಾಗೆ ನೋಡ್ರಿ ಎಂದು ಅವಳೂ ರೇಗಿ ಹೋದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದಕ್ಕೇ ಅವನ ಸಿಟ್ಟು ಇನ್ನಷ್ಟು ಏರಿತು.

ಇನ್ನು ಆ ಫೋನಿನ ಕಥೆ. ಬೇರೆ ದಿನವಾಗಿದ್ದರೆ ಅವನು ಅದನ್ನು ಚೀಲದೊಳಗೆ ಹಾಕಿ ತನ್ನ ಪಾಡಿಗೆ ಇದ್ದುಬಿಡುತ್ತಿದ್ದ. ಅಂದು ಹಾಗೆ ಮಾಡುವಂತಿರಲಿಲ್ಲ. ಮಾಲತೇಶ ಯಾರ ಫೋನಿನಿಂದ ಬೇಕಾದರೂ ಮಾಡಬಹುದು. ಯಾವ ಗುರುತಿಲ್ಲದ ನಂಬರು ಬಂದರೂ ಕೈಗವಸು ಕಿತ್ತು ಎಸೆದು, ಹಲೋ ಮಾಲತೇಶ ಎನ್ನುತ್ತಿದ್ದ. ಆ ಕಡೆಯಿಂದ, ಹಲೋ, ನಾಲ್ಕನೇ ಕ್ರಾಸ್ ರೀ, ಫ್ರಿಡ್ಜಿನಲ್ಲಿ ಹಾಲು ಕೆಡ್ತಾ ಐತೆ ಎಂದು ಬರುತ್ತಿತ್ತು. ಬೆಳಗಿನಿಂದ ಮಧ್ಯಾಹ್ನದ ತನಕ ಅರವತ್ತಕ್ಕೂ ಮೇಲೆ ಬಂದ ಫೋನುಗಳಲ್ಲಿ ಪ್ರತಿಯೊಂದಕ್ಕೂ ಅವನು ಆಸೆಪಟ್ಟ. ಪ್ರತಿಯೊಂದೂ ಅವನ ಆಸೆಗೆ ಕಲ್ಲು ಹಾಕಿತು. ಒಬ್ಬ ಮಹಾನುಭಾವರು ನಿಮಗೆ ಜವಾಬ್ದಾರಿ ಇಲ್ಲವೇ ಎಂದು ಇಂಗ್ಲಿಷಿನಲ್ಲಿ ಹತ್ತು ನಿಮಿಷ ಕೇಳಿದರು. ಇನ್ನೊಬ್ಬಾಕೆ ಎಲ್ಲ ಸಮಾಧಾನವಾಗಿ ಕೇಳಿಸಿಕೊಂಡು, ಆಯ್ತಪ್ಪ, ಐದು ನಿಮಿಷದಲ್ಲಿ ಬರುತ್ತಲ್ಲ ಎಂದಳು. ಮಹೇಂದ್ರನಿಗೆ ಮೈ ಪರಚಿಕೊಳ್ಳುವಂತಾಯಿತು.

ಈ ಅರವತ್ತರಲ್ಲಿ ಒಂದು ನಂಬರು ಅವನ ನೆನಪಿನಲ್ಲಿ ಉಳಿಯಿತು, ಕೊನೆಗೆ ಎರಡು ಸೊನ್ನೆ ಇದ್ದದ್ದು. ಹನ್ನೊಂದೂವರೆಗೆ ಮೊದಲ ಸಲ ಬಂತು. ಎತ್ತಿದರೆ ಗುರ್ ಎಂಬ ಸದ್ದು, ಹಿಂದೆ ಸಂತೆಯಂತೆ ಗದ್ದಲ. ನಡುವೆ ಒಬ್ಬ ಹೆಂಗಸು, "ಲೈನ್‌ಮ್ಯಾನ್ ಏನ್ರೀ?" ಎಂದು ಕೇಳಿದ್ದು ಸ್ಪಷ್ಟವಾಗಿ ಕೇಳಿಸಿತು. ಆಮೇಲೆ ಮತ್ತೆ ಗುರ್. ಲೈನ್‌ಮ್ಯಾನ್ ಏನ್ರೀ ಎಂದು ಕೇಳುವವರು ಯಾರು? ಟ್ರಾನ್ಸ್‌ಫಾರ್ಮರ್ ಪೆಟ್ಟಿಗೆ ನೋಡಿ ನಂಬರು ಒತ್ತುವವರು. ಲೈನ್ ಬಿದ್ದೈತ್ರೀ, ಬರ್ತೀವ್ರೀ ಎಂದು ರೇಗಿ ಇಟ್ಟ. ಹನ್ನೆರಡೂವರೆಗೆ ಅದೇ ಎರಡು ಸೊನ್ನೆ. ಈ ಸಲ ಬರೀ ಗುರ್. ಐದಾರು ಸಲ ಹಲೋ ಎಂದು, ಒಂದು ಸಲ ಹೇಳಿದ್ದು ತಿಳಿಯಂಗಿಲ್ಲೇನ್ರೀ, ನಿಮ್ಮೊಬ್ಬರ ಮನೇದಲ್ರೀ ಎಂದು ಗದರಿಸಿ ಇಟ್ಟ.

ಒಂದೂಮುಕ್ಕಾಲಿಗೆ ಮೂರನೇ ಸಲ ಬಂದಾಗ ಅವನು ಊಟದ ಡಬ್ಬಿ ತೆರೆದು ತುತ್ತು ಇಳಿಯದೆ ಮತ್ತೆ ಮುಚ್ಚಿದ್ದ. ಆ ಎರಡು ಸೊನ್ನೆ ನೋಡುತ್ತಲೇ ಬೆಳಗಿನಿಂದ ಕಟ್ಟಿಕೊಂಡಿದ್ದದ್ದೆಲ್ಲ ಬಾಯಿಗೆ ಬಂತು.

"ಏನ್ರೀ ನಿಮ್ಮ ಕಾಟ? ಒಂದು ದಿನ ಕರೆಂಟಿಲ್ಲ ಅಂದ್ರೆ ಯಾರೂ ಸಾಯಂಗಿಲ್ಲ. ಅಲ್ಲಿ ನಮ್ಮವ್ವ ಬದುಕಿದಾಳೋ ಇಲ್ಲೋ ಅಂತ ನಂಗೇ ಗೊತ್ತಿಲ್ಲ, ನಿಮ್ಮ ಫ್ಯಾನಿನ ಚಿಂತೆ ಕಟ್ಕೊಂಡು ನಾನೇನ್ ಮಾಡ್ಲಿ? ಇಡ್ರಿ ಫೋನು."

ಕಂಬದ ಮೇಲಿದ್ದವರು ಕೆಳಗೆ ನೋಡಿದರು. ಅದುವರೆಗೆ ಅವನು ಆ ಮಾತನ್ನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ ಹೇಳಿರಲಿಲ್ಲ. ಗುರುತಿಲ್ಲದ ಯಾವಳಿಗೋ ಹೇಳಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು. ಆ ನಂಬರು ಮತ್ತೆ ಬರಲಿಲ್ಲ.

ಎರಡೂವರೆಗೆ ದುರುಗಣ್ಣ ಕಂಬದಿಂದ ಇಳಿದು ಹತ್ತಿರ ಬಂದ. ಅವನ ಭಾವಮೈದುನ ಮಲೇಬೆನ್ನೂರಿನ ಬಸ್ಸಿನ ಕಂಡಕ್ಟರು. ಆ ಕಡೆಯಿಂದ ನಡೆದುಕೊಂಡು ಬಂದು ಬಸ್ಸು ಹತ್ತಿದ ಜನ ಹೇಳಿದ್ದನ್ನು ಅವನು ಫೋನಿನಲ್ಲಿ ತಿಳಿಸಿದ್ದ. ನಂದಿಗುಡಿಯ ಜನತಾ ಮನೆಗಳಲ್ಲಿ ಗೋಡೆ ಬಿದ್ದು ವಯಸ್ಸಾದ ಒಬ್ಬ ಹೆಣ್ಣುಮಗಳಿಗೆ ಪೆಟ್ಟಾಗಿದೆ, ಬೆಳಗಿನ ಜಾವವೇ ಗದ್ದೆ ಹಾದು ಟ್ರ್ಯಾಕ್ಟರಿನಲ್ಲಿ ಹರಿಹರದ ದವಾಖಾನೆಗೆ ಒಯ್ದಿದ್ದಾರೆ. ಹೆಸರೇನು ಎಂದು ಮಹೇಂದ್ರ ಕೇಳಿದ. ಹೆಸರು ಕೇಳಿಲ್ಲವಂತೆ ಎಂದ ದುರುಗಣ್ಣ. ಜೀವ? ಅದೂ ಕೇಳಿಲ್ಲವಂತೆ. ಇಷ್ಟೆಲ್ಲ ಕೇಳಿದ ಮನುಷ್ಯ ಹೆಸರೊಂದು ಕೇಳಬಾರದಿತ್ತೇ, ಅವನೆಂಥ ಕಂಡಕ್ಟರು, ಜನರಿಗೆ ಟಿಕೆಟ್ಟು ಹೇಗೆ ಕೊಡುತ್ತಾನೆ ಎಂದು ಮಹೇಂದ್ರ ಕೂಗಾಡಿದ. ದುರುಗಣ್ಣ ಅದನ್ನೆಲ್ಲ ತಲೆ ತಗ್ಗಿಸಿ ಕೇಳಿಸಿಕೊಂಡು, ಉಳಿದ ಎರಡು ಕಂಬ ನಾನು ಬೇಗ ಮುಗಿಸ್ತೀನಿ ಎಂದು ಮತ್ತೆ ಮೇಲೆ ಹತ್ತಿದ.

ಮೂರೂ ಹತ್ತಕ್ಕೆ ಮಹೇಂದ್ರ ಐದು ಜನರನ್ನು ಕಣ್ಣಾರೆ ಎಣಿಸಿ ಸ್ಟೇಷನ್ನಿಗೆ ಹೇಳಿದ. ಬಡಾವಣೆಗೆ ಕರೆಂಟು ಬಂತು. ಎರಡು ನಿಮಿಷದಲ್ಲಿ ವೋಲ್ಟೇಜು ಕಡಿಮೆ ಇದೆ ಎಂದು ಮೊದಲ ಫೋನು ಬಂತು. ಅದನ್ನು ಎತ್ತುವ ಹೊತ್ತಿಗೆ ಅವನು ಗಾಡಿಯ ಮೇಲಿದ್ದ.

ಯಶೋದಾ ಬೀದಿ ತಿರುವಿನಲ್ಲೇ ಕಾಯುತ್ತಿದ್ದಳು, ಕೇಳದೆಯೇ ಹಿಂದೆ ಹತ್ತಿ ಕುಳಿತಳು. ಹರಿಹರ ಎಷ್ಟು ದೂರ? ಒಂದು ಹದಿನೈದು ಕಿಲೋಮೀಟರು. ಬೆಳಗಿನಿಂದ ಇಡೀ ಜಗತ್ತಿಗೆಲ್ಲ ಫೋನು ಹಚ್ಚಿದವನಿಗೆ ಅಷ್ಟು ಹತ್ತಿರ ಒಂದು ದವಾಖಾನೆ ಇದೆ ಎಂದು ಹೊಳೆದಿರಲಿಲ್ಲ. ಅದಕ್ಕಾಗಿ ಅವನು ದಾರಿಯುದ್ದಕ್ಕೂ ತನ್ನನ್ನು ತಾನೇ ಬೈದುಕೊಂಡ. ಅಂದು ಆ ರಸ್ತೆಯೂ ಸತಾಯಿಸಿತು. ಮರ ಕಡಿಯುವವರು ಅರ್ಧ ರಸ್ತೆ ಮುಚ್ಚಿದ್ದರು, ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಜೇಬಿನಲ್ಲಿ ಫೋನು ನಡುಗುತ್ತಲೇ ಇತ್ತು. ಯಶೋದಾ ಅದನ್ನು ಹಿಂದಿನಿಂದ ಕಿತ್ತುಕೊಂಡು ತಾನೇ ಮಾತಾಡತೊಡಗಿದಳು. ಮೊದಲ ಮೂವರಿಗೆ, ಅವರು ಗಾಡಿ ಓಡಿಸ್ತಿದಾರ್ರೀ, ಆಮೇಲೆ ಮಾಡ್ರಿ ಎಂದು ಮೆತ್ತಗೆ ಹೇಳಿದಳು. ನಾಲ್ಕನೆಯವನಿಗೆ ಅವಳು ಹೇಳಿದ್ದು ಕೇಳಿ ಮಹೇಂದ್ರನೇ ಬೆಚ್ಚಿ ಗಾಡಿ ನಿಧಾನ ಮಾಡಿದ.

ದವಾಖಾನೆಯಲ್ಲಿ ಕರೆಂಟಿರಲಿಲ್ಲ. ಜನರೇಟರು ಆಪರೇಷನ್ ಕೋಣೆಗಷ್ಟೇ. ಹೆಂಗಸರ ವಾರ್ಡಿನಲ್ಲಿ ಜನ ರಟ್ಟು, ಸೆರಗು, ಎಕ್ಸ್‌ರೇ ಹಾಳೆ ಏನು ಸಿಕ್ಕಿತೋ ಅದರಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಮಹೇಂದ್ರ ಬಾಗಿಲಲ್ಲಿ ನಿಂತು ಒಂದೊಂದೇ ಮುಖ ನೋಡುತ್ತಾ ಹೋದ. ಅಲ್ಲಿರಬಾರದು ಎಂದುಕೊಂಡ. ಅಲ್ಲಾದರೂ ಇರಲಿ ಎಂದೂ ಅಂದುಕೊಂಡ. ಕಿಟಕಿಯ ಪಕ್ಕದ ಮಂಚದ ಹತ್ತಿರ ಆಶಾರಾಣಿ ನಿಂತಿದ್ದು ಕಂಡಿತು. ಮಂಚದ ಮೇಲೆ ಮರಿಯವ್ವ ದಿಂಬಿಗೆ ಒರಗಿ ಕುಳಿತಿದ್ದಳು. ಎಡಗೈ ಮೊಣಕೈ ತನಕ ಬಿಳಿಯ ಕಟ್ಟು, ಹಣೆಯ ಮೇಲೆ ನಾಲ್ಕು ಹೊಲಿಗೆ. ಕಣ್ಣು ಮಾತ್ರ ಎಂದಿನಂತೆ ಚುರುಕಾಗಿತ್ತು.

ಮಹೇಂದ್ರ ಹೋಗಿ ಮಂಚದ ತುದಿಯಲ್ಲಿ ಕುಳಿತುಬಿಟ್ಟ. ಅವ್ವ ಮಗನನ್ನು ಕಾಲಿನಿಂದ ತಲೆಯ ತನಕ ನೋಡಿದಳು, ಅವನ ಎರಡೂ ಅಂಗೈ ಮಗುಚಿ ನೋಡಿದಳು, ಸುಟ್ಟ ಗುರುತಿಗಾಗಿ ಹುಡುಕುತ್ತಿದ್ದಾಳೆ ಎಂಬುದು ಅವನಿಗೆ ಆಮೇಲೆ ತಿಳಿಯಿತು. ಯಶೋದಾ ಸೆರಗಿನಿಂದ ಮೂಗೊರೆಸಿಕೊಳ್ಳುತ್ತಾ ನಿಂತಿದ್ದಳು.

ಎದುರು ಮಂಚದ ಮುದುಕಿಯೊಬ್ಬಳು ಅವನ ಖಾಕಿ ಅಂಗಿ, ಸೊಂಟದ ಬೆಲ್ಟು ನೋಡಿ, ಏನಪ್ಪಾ ಕರೆಂಟಿನವನೇನೋ ನೀನು, ಇಲ್ಲಿಗೆ ಯಾವಾಗ ಬರ್ತೈತಿ ಎಂದು ಕೇಳಿದಳು. ಮಹೇಂದ್ರ ಬಾಯಿ ತೆರೆಯುವ ಮೊದಲೇ ಮರಿಯವ್ವ ಆ ಕಡೆ ತಿರುಗಿದಳು. ಅವಳ ದನಿ ಒಡೆದು ಗೊಗ್ಗರಾಗಿತ್ತು.

"ಅವನ್ನ ಕೇಳಬ್ಯಾಡಬೇ. ಬೈತಾನೆ."

ಅದರಲ್ಲಿ ಕೊಂಕಿರಲಿಲ್ಲ. ಪಾಪ, ಗೊತ್ತಿಲ್ಲದೆ ಕೇಳುತ್ತಿದ್ದಾಳೆ, ಬೈಸಿಕೊಳ್ಳುವುದು ಬೇಡ ಎಂದು ನಿಜವಾಗಿ ಹೇಳಿದ ಮಾತು. ಮಹೇಂದ್ರನಿಗೆ ಅರ್ಥವಾಗಲಿಲ್ಲ. ನಾನ್ಯಾವಾಗ ಬೈದೆ ಯಾರಿಗೆ ಎಂದ. ಪಕ್ಕದ ಮಂಚದಲ್ಲಿ ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದ ಅಮೀನಾಬೀ, ಹರಿಹರದವಳೇ, ದಿಂಬಿನ ಕೆಳಗಿನಿಂದ ರಬ್ಬರ್ ಬ್ಯಾಂಡು ಸುತ್ತಿದ ಒಂದು ಹಳೆಯ ಗುಂಡಿ ಫೋನು ತೆಗೆದು, ನನಗೂ ಬೈದಿ ಬೇಟಾ ಎಂದಳು. ಬೆಳಗ್ಗೆ ಲೈನ್‌ಮ್ಯಾನ್ ಏನ್ರೀ ಎಂದು ಕೇಳಿದವಳು ಅವಳು. ಅವಳ ನಂಬರು ಎಷ್ಟು ಎಂದು ಮಹೇಂದ್ರ ಕೇಳಲಿಲ್ಲ. ಕೊನೆಗೆ ಎರಡು ಸೊನ್ನೆ ಇರುತ್ತವೆ ಎಂದು ಅವನಿಗೆ ತಿಳಿದುಹೋಗಿತ್ತು.

ನಡೆದದ್ದನ್ನು ಆಶಾರಾಣಿ ಹೇಳಿದಳು. ಗೋಡೆಯ ಅಡಿಯಲ್ಲಿ ಮನೆಯ ಎರಡೂ ಫೋನುಗಳು ಪುಡಿಯಾಗಿದ್ದವು. ಮಾಲತೇಶನಿಗೆ ಅಣ್ಣನ ನಂಬರು ಬಾಯಿಪಾಠ ಬರುತ್ತಿತ್ತು. ಹಗಲು ಹೊತ್ತು ಬ್ಯಾಡ, ಸಂಜಿಗೆ ಮಾಡು ಎಂದು ಅತ್ತೆ ಅಂದರೂ ಕೇಳದೆ ಅವನು ಅಮೀನಾಬೀಯ ಫೋನಿನಿಂದ ಹತ್ತು ಸಲ ಮಾಡಿದ. ಹತ್ತು ಸಲವೂ ಅಣ್ಣ ಬೇರೆ ಯಾರ ಜೊತೆಗೋ ಮಾತಾಡುತ್ತಿದ್ದ. ಊರಿನಲ್ಲಿ ಎಮ್ಮೆಗಳು ಹಗ್ಗ ಹರಿದುಕೊಂಡು ಹೋಗಿದ್ದವು. ಹೀಗಾಗಿ ಮಾಲತೇಶ ಅದೇ ಟ್ರ್ಯಾಕ್ಟರಿನಲ್ಲಿ ವಾಪಸ್ಸು ಹೋದ. ಅವನು ಹೋದ ಮೇಲೆ ವರಾಂಡದಲ್ಲಿ ಯಾರೋ ದಾವಣಗೆರೆಯಲ್ಲಿ ಒಬ್ಬ ಲೈನ್‌ಮ್ಯಾನ್ ತಂತಿ ತಗುಲಿ ಸತ್ತನಂತೆ ಎಂದು ಮಾತಾಡಿಕೊಂಡು ಹೋದರು. ಅದು ಸುಳ್ಳು ಸುದ್ದಿ. ಆದರೆ ಮರಿಯವ್ವನ ಕಿವಿಗೆ ಬಿತ್ತು. ಹದಿನೈದು ವರ್ಷದಲ್ಲಿ ಮೊದಲ ಸಲ ಅವಳು ಹಗಲಿನಲ್ಲಿ ಮಗನಿಗೆ ಫೋನು ಹಚ್ಚು ಎಂದಳು.

ಮಹೇಂದ್ರ ಅವ್ವನ ಮುಖ ನೋಡಲಾರದೆ ಕಟ್ಟು ಹಾಕಿದ ಕೈ ನೋಡುತ್ತಾ ಕುಳಿತ. ನಾನು ಅಂತ ಒಂದು ಮಾತು ಹೇಳಬಾರದಿತ್ತಾ ಅವ್ವ ಎಂದ. ಹೇಳಿದ್ದೆ, ನಿನ್ನದು ನಮಗೆ ಕೇಳಿಸ್ತಿತ್ತು, ನಮ್ಮದು ನಿನಗೆ ಕೇಳಿಸಲಿಲ್ಲ ಎಂದಳು ಅವಳು. ಮೊದಲನೇ ಸಲ ಬೈದಾಗ ಸಮಾಧಾನವಾಯಿತಂತೆ. ಬೈಯುತ್ತಿದ್ದಾನೆ ಎಂದರೆ ಜೀವಂತ ಇದ್ದಾನೆ, ಕಂಬದಿಂದ ಇಳಿದೂ ಇದ್ದಾನೆ. ಎರಡನೇ ಸಲ, ನಾನಿಲ್ಲಿದ್ದೀನಿ ಎಂದು ತಿಳಿಸೋಣ ಎಂದು ಮಾಡಿಸಿದಳು. ಅದೂ ಬೈಗುಳದಲ್ಲೇ ಮುಗಿಯಿತು. ಅಲ್ಲಿಯ ತನಕ ಅವಳಿಗೆ ಸಿಟ್ಟೇನೂ ಬಂದಿರಲಿಲ್ಲ. ಮೂರನೆಯದನ್ನು ಹೇಳುವಾಗ ಮಾತ್ರ ಬಂತು.

"ನಮ್ಮವ್ವ ಬದುಕಿದಾಳೋ ಇಲ್ಲೋ ಅಂದಿ ನೋಡು. ಬದುಕೀನೋ ಅಂತ ಕೂಗಿದೆ. ಒಂದು ಸಲ ಅಲ್ಲ, ನಾಕು ಸಲ ಕೂಗಿದೆ. ಈ ವಾರ್ಡಿನೋರೆಲ್ಲ ಎದ್ದು ನೋಡಿದ್ರು, ನರ್ಸಮ್ಮ ಓಡಿ ಬಂದ್ಲು. ನೀನು ಇಟ್ಟುಬಿಟ್ಟಿ."

ಅಷ್ಟು ಹೇಳುವುದರೊಳಗೆ ಅವಳಿಗೆ ಕೆಮ್ಮು ಹತ್ತಿತು. ಕೂಗಿದ್ದಕ್ಕೆ ಗಂಟಲು ಕಟ್ಟಿದೆ, ಮಾತಾಡಬೇಡಿ ಎಂದು ನರ್ಸು ಹೇಳಿ ಹೋಗಿದ್ದಾಳೆ ಎಂದಳು ಆಶಾರಾಣಿ. ಮಹೇಂದ್ರ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿದ, ಅದು ಬೇಗ ಬಿಚ್ಚಲಿಲ್ಲ. ಬಿಚ್ಚಿದ ಮೇಲೆ ಅವ್ವನ ತಲೆಯ ಹಿಂದೆ ಕೈಕೊಟ್ಟು ಕುಡಿಸಿದ. ಅವಳು ಮೂರು ಗುಟುಕು ಕುಡಿದು ಸಾಕೆಂದಳು.